ಕರ್ಮವೂ ಗಡ್ಡೆಯೂ

ಸೌಮ್ಯಸ್ವಭಾವದ ಗೃಹಸ್ಥನೊಬ್ಬನು ನಡುವಯಸ್ಸಿನಲ್ಲಿ ಸಿಡುಕನಾಗಿ, ಒಂದು ಮುಂಜಾನೆ ಕಾಫಿಯ ಲೋಟವನ್ನು ಗೋಡೆಗೆಸೆದು, ಏನೂ ನಡೆಯದವನಂತೆ ಪತ್ರಿಕೆಯನ್ನೋದತೊಡಗಿದಾಗ, ನೆಂಟರು ಜಾತಕವನ್ನು ಬಿಚ್ಚುವರು, ಪೂರ್ವಜನ್ಮದ ಪಾಪವೆನ್ನುವರು. ಆದರೆ ಹಣೆಯ ಹಿಂದಣ ಮಿದುಳನ್ನೊತ್ತುವ ಗಡ್ಡೆಯೊಂದು ಮನುಷ್ಯನ ಶೀಲವನ್ನೇ ಮಾರ್ಪಡಿಸಬಲ್ಲುದೆಂಬುದನ್ನು ವೈದ್ಯರು ಬಲ್ಲರು. ಹಾಗಾದರೆ ಆ ಕೋಪದ ಕರ್ತೃ ಯಾರು? ಆತ್ಮವು ನಿರ್ಲಿಪ್ತವೆಂದು ಸಾರುವ ವೇದಾಂತಿಗಳಾದರೂ ಇಲ್ಲಿ ರೋಗಿಯ ಪಕ್ಷದಲ್ಲಿ ನಿಲ್ಲಬೇಕಾಗಿತ್ತು. ಕರ್ಮಸಿದ್ಧಾಂತದಲ್ಲಿ ನನಗೆ ಅಶ್ರದ್ಧೆಯಿಲ್ಲ. ಆದರೆ ಅದಿರುವುದು ತನ್ನನ್ನು ತಾನು ಪರೀಕ್ಷಿಸಿಕೊಳ್ಳುವುದಕ್ಕೇ ಹೊರತು, ನೆರೆಮನೆಯವನ ಕಾಯಿಲೆಗೆ ತೀರ್ಪು ಬರೆಯುವುದಕ್ಕಲ್ಲ. ಚರಕಸಂಹಿತೆಯೂ ಉನ್ಮಾದವನ್ನು ನಿದಾನ, ಚಿಕಿತ್ಸೆಗಳುಳ್ಳ ವ್ಯಾಧಿಯೆಂದೇ ಎಣಿಸಿತು. ಇಂದು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಿದುಳಿನ ಶಸ್ತ್ರವೈದ್ಯರೂ ಮನೋವೈದ್ಯರೂ ಒಂದೇ ಆವರಣದೊಳಗೆ ರೋಗಿಗಳನ್ನು ನೋಡುತ್ತಾರೆ.