ಯಾರ ರಜೆ?

ಮತದಾನವೆಂದರೆ ನಮ್ಮ ವಿಜಯನಗರದ ಮನೆಯಲ್ಲಿ ಸಣ್ಣ ಹಬ್ಬವೇ. ಅಂದು 2023ರ ಮೇ 10, ಬುಧವಾರ, ವಿಧಾನಸಭೆಯ ಚುನಾವಣೆ. ಬೆಳಿಗ್ಗೆ ಏಳಕ್ಕೇ ಯಜಮಾನರೊಂದಿಗೆ ಹೋಗಿ ಮತ ಹಾಕಿ, ಬೆರಳಿಗೆ ಮೈಸೂರಿನ ಶಾಯಿ ಹಚ್ಚಿಸಿಕೊಂಡು ಬಂದೆ. ಎಲ್ಲರಿಗೂ ರಜೆಯಲ್ಲವೇ, ಪೂರಿ-ಸಾಗು ಮಾಡಿದೆ. ಸಿಂಕಿನ ತುಂಬ ಪಾತ್ರೆ.

ಕೆಲಸದಾಕೆ ಹಿಂದಿನ ದಿನವೇ, "ನಾಳೆ ಓಟು ಐತಲ್ಲಮ್ಮಾ..." ಎಂದು ರಾಗ ಎಳೆದಿದ್ದಳು. "ಹಾಕಿಬಿಟ್ಟೇ ಬಾರೇ, ನಾನೇನು ಬೇಡ ಅಂದೆನೆ?" ಎಂದಿದ್ದೆ. ಹತ್ತೂವರೆಗೆ ಬಂದು ಪಾತ್ರೆಗೆ ಕೈ ಹಾಕಿದಳು. ಬೆರಳಲ್ಲಿ ಶಾಯಿ ಇರಲಿಲ್ಲ. "ಕೆಂಗೇರೀಲಿ ಸಾಲು ಬಾಳ ಉದ್ದ ಇತ್ತು. ನೀವು ಕಾಯ್ತಿರ್ತೀರಾಂತ ಬಂದ್ಬಿಟ್ಟೆ" ಎಂದಳು.

ತಿಂದ ಪೂರಿ ಗಂಟಲಲ್ಲೇ ನಿಂತಂತಾಯಿತು.

ಅಮೆರಿಕದವರು 1845ರಲ್ಲೇ ಕಾನೂನು ಮಾಡಿ, ಅಧ್ಯಕ್ಷರ ಚುನಾವಣೆಗೆ ನವೆಂಬರಿನ ಮೊದಲ ಸೋಮವಾರದ ಮರುದಿನದ ಮಂಗಳವಾರವನ್ನು ಗೊತ್ತು ಮಾಡಿದರು. ನಮ್ಮಲ್ಲಿ ಇಂಥದೇ ವಾರವೆಂದಿಲ್ಲ. 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯಂತೆ ಚುನಾವಣಾ ಆಯೋಗವೇ ದಿನ ಗೊತ್ತು ಮಾಡುತ್ತದೆ. ಆ ಸಲ ಬುಧವಾರವನ್ನು ಆರಿಸಿದ್ದೂ, ಪೇಟೆಯವರು ರಜೆ ಜೋಡಿಸಿಕೊಂಡು ಊರು ಬಿಡದಿರಲೆಂದು. ಅದೇ ಕಾಯ್ದೆಯ 135ಬಿ ಕಲಮು ಅಂದು ಸಂಬಳ ಸಹಿತ ರಜೆ ಕೊಡಬೇಕು, ದಿನಗೂಲಿಯವರ ಕೂಲಿಯನ್ನೂ ಹಿಡಿಯಬಾರದು ಎನ್ನುತ್ತದೆ. ವ್ಯಾಪಾರ, ಉದ್ದಿಮೆ, ಸಂಸ್ಥೆ ಎಂದೆಲ್ಲ ಅದರಲ್ಲಿದೆ; ಮನೆ ಎಂಬ ಮಾತಿಲ್ಲ.

ಇಲ್ಲವೆಂದು ನಾನು ಸುಮ್ಮನಿರಬಹುದೇ? "ಬೇಡ ಅಂದೆನೆ?" ಎಂದ ನನ್ನ ಮಾತೇ ನನ್ನನ್ನು ಚುಚ್ಚಿತು. ಅಡ್ಡಿ ಮಾಡದಿರುವುದಕ್ಕೂ ಅನುವು ಮಾಡಿಕೊಡುವುದಕ್ಕೂ ಎಷ್ಟು ಅಂತರ! ಆಯೋಗ ಅವಳಿಗೆ ದಿನವನ್ನು ಕೊಟ್ಟಿತ್ತು. ಆ ದಿನದ ಗಂಟೆಗಳು ಮಾತ್ರ ನನ್ನ ಕೈಯಲ್ಲಿದ್ದವು.

"ಪಾತ್ರೆ ಬಿಡು, ಹೋಗು. ಸಂಜೆ ಆರರವರೆಗೂ ಹಾಕಬಹುದು" ಎಂದೆ. "ಇನ್ನೂ ಎರಡು ಮನೆ ಐತಲ್ಲಮ್ಮಾ" ಎಂದಳು. ಮರುದಿನವೂ ಅವಳ ಬೆರಳಲ್ಲಿ ಶಾಯಿ ಇರಲಿಲ್ಲ.

2024ರ ಏಪ್ರಿಲ್ 26ರಂದು ಲೋಕಸಭೆಯ ಮತದಾನ. ವಾರದ ಮೊದಲೇ ಅವಳಿಗೆ ರಜೆ ಹೇಳಿದೆ. ಆ ಎರಡು ಮನೆಗಳಿಗೂ ಹೋಗಿ ಕೇಳಿದೆ. ಒಬ್ಬರು, "ಅಯ್ಯೋ, ಅದಕ್ಕೇನಂತೆ" ಎಂದರು. ಇನ್ನೊಬ್ಬರು ಒಪ್ಪಿದರಾದರೂ, "ಅವಳ ಒಂದು ಓಟಿನಿಂದ ಏನಾಗಿಬಿಡತ್ತೆ ನೀವೇ ಹೇಳಿ" ಎಂದು ನಕ್ಕರು.

ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ದಾರಿಯಲ್ಲಿ ಬರುವಾಗ ಅನ್ನಿಸಿತು: ಇಷ್ಟು ವರ್ಷ ನಾನೂ ಒಂದೇ ಓಟು ಹಾಕುತ್ತಾ ಬಂದಿದ್ದೇನೆ. ನನ್ನನ್ನು ಯಾರೂ ಹಾಗೆ ಕೇಳಿಲ್ಲ.