ಯಾರ ತಂಪು, ಯಾರ ಕಾವು

2024ರ ಏಪ್ರಿಲ್. ಹಿಂದಿನ ವರ್ಷ ಮಳೆ ಕೈಕೊಟ್ಟು, ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾಗಿದ್ದವು. ನಮ್ಮ ನವಲಗುಂದ ಸೀಮೆಯ ಎರೆಹೊಲಗಳು ಬಿರುಕುಬಿಟ್ಟು ಬಾಯಿ ತೆರೆದಿದ್ದವು. ಒಂದು ಮಧ್ಯಾಹ್ನ ಅವ್ವ ಪಡಸಾಲೆಯಲ್ಲೇ ತಲೆಸುತ್ತಿ ಬಿದ್ದಳು. ಮರುವಾರವೇ ಮನೆಗೆ ಎ.ಸಿ. ತಂದೆ. ಓಣಿಗೆ ಅದೇ ಮೊದಲನೆಯದು.

ಮಣ್ಣಿನ ಮಾಳಿಗೆ ಕೆಡವಿ ಆರ್‌ಸಿಸಿ ಹಾಕಿಸಿದವನೂ ನಾನೇ. ದಪ್ಪ ಗೋಡೆಯ ಆ ಹಳೆಯ ಮನೆ ಮಧ್ಯಾಹ್ನದ ಬಿಸಿಲನ್ನು ಸುಲಭಕ್ಕೆ ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಈಗಿನ ಸ್ಲ್ಯಾಬು ಹಗಲಿನ ಕಾವನ್ನು ಇರುಳಲ್ಲಿ ನಮ್ಮ ಮೇಲೆ ಸುರಿಯುತ್ತದೆ.

ಹತ್ತೇ ದಿನಕ್ಕೆ ಓಣಿಯ 25 ಕೆವಿಎ ಟಿ.ಸಿ. ಸುಟ್ಟುಹೋಯಿತು. ಎರಡು ರಾತ್ರಿ ಕತ್ತಲು. ಯಾರೂ ನನ್ನನ್ನು ಬೈಯಲಿಲ್ಲ. ಆ ಬೇಸಿಗೆ ಮನೆಮನೆಗೆ ಕೂಲರ್ ಬಂದಿದ್ದವು, ತಪ್ಪು ನನ್ನೊಬ್ಬನದೇ ಎನ್ನುವಂತಿರಲಿಲ್ಲ. ಆದರೂ ಲೆಕ್ಕ ತಲೆಯಿಂದ ಹೋಗಲಿಲ್ಲ: ಒಂದೂವರೆ ಕಿಲೋವ್ಯಾಟ್ ಎಳೆಯುವ ಒಂದು ಎ.ಸಿ. ಎಂದರೆ 75 ವ್ಯಾಟಿನ 20 ಫ್ಯಾನು. ಟಿ.ಸಿ.ಗೂ ನಮ್ಮ ಹಾಗೆಯೇ ರಾತ್ರಿಯ ತಂಪು ಬೇಕು. ಅದರೊಳಗಿನ ಎಣ್ಣೆ ಆರಬೇಕಾದದ್ದು ಹೊರಗಿನ ಗಾಳಿಗೇ.

ಎ.ಸಿ. ಕಾವನ್ನು ಕೊಲ್ಲುವುದಿಲ್ಲ, ಆಚೆ ತಳ್ಳುತ್ತದೆ. ನಮ್ಮದರ ಹೊರಗಿನ ಪೆಟ್ಟಿಗೆ ಬಿಸಿಗಾಳಿ ಊದುತ್ತಿದ್ದುದು ಎದುರುಮನೆಯ ಅಜ್ಜಿ ಹೊರಸು ಹಾಕಿಕೊಳ್ಳುವ ಕಡೆಗೆ. ಆಕೆಯೂ ಅವ್ವನ ವಾರಿಗೆಯವಳೇ. ತಾಯಿಯನ್ನು ಉಳಿಸಿಕೊಳ್ಳುವುದು ತಪ್ಪೇ? ಅಲ್ಲ. ಆದರೆ ಅದರ ಬೆಲೆಯನ್ನು ಇನ್ನೊಬ್ಬರ ತಾಯಿಯಿಂದ, ಕೇಳದೆ, ವಸೂಲು ಮಾಡಬಹುದೇ?

ಕನ್ನಡ ನಾಡಿನ ಶಾಸನಗಳಲ್ಲಿ ಅರವಟ್ಟಿಗೆಗೆ ಭೂಮಿ ಬಿಟ್ಟ ದಾಖಲೆಗಳಿವೆ. ದಾರಿಹೋಕರಿಗೆ ತಣ್ಣೀರು ಕೊಡುವುದು ಆಗ ಧರ್ಮ. ತಂಪು ಎಂಬುದು ಬೀದಿಗೆ ಇಡುವ ವಸ್ತು. ಈಗ ತಂಪು ಒಳಗೆ, ಕಾವು ಬೀದಿಗೆ. ಹಾಗೆಂದು ಹಳೆಯದನ್ನು ಹೊಗಳಿ ಕೈತೊಳೆದುಕೊಳ್ಳಲಾರೆ. ಆ ಬೇಸಿಗೆಯಲ್ಲಿ ಅವ್ವನನ್ನು ಬರೀ ಮಡಕೆಯ ನೀರಿಗೆ ಬಿಟ್ಟುಬಿಡುವ ಧೈರ್ಯ ನನಗಿರಲಿಲ್ಲ.

ದಾರಿ ತೋರಿಸಿದವಳು ಅವ್ವನೇ. ಟಿ.ಸಿ. ಬದಲಾಗಿ ಕರೆಂಟು ಬಂದ ದಿನ, "ಬಾಗಲಾ ಹಾಕಬ್ಯಾಡ, ಆಕಿನ್ನೂ ಒಳಗ ಕರಿ" ಅಂದಳು. ಅಂದಿನಿಂದ ಬೇಸಿಗೆಯ ಮಧ್ಯಾಹ್ನ ಆ ಕೋಣೆಯಲ್ಲಿ ಅವ್ವ, ಎದುರುಮನೆಯ ಅಜ್ಜಿ, ಓಣಿಯ ಬಾಣಂತಿಯರು, ಕೂಸುಗಳು. ಎಲ್ಲರೂ ಫ್ಯಾನು ಹಾಕುವ ರಾತ್ರಿಯ ಹೊತ್ತಿನಲ್ಲಿ ಎ.ಸಿ. ಬಂದ್, ನಾವೂ ಫ್ಯಾನಿನ ಕೆಳಗೆ.

ಇಷ್ಟರಿಂದ ಟಿ.ಸಿ. ಉಳಿದೀತು ಎಂಬ ಖಾತ್ರಿಯಿಲ್ಲ. ಹೊರಗಿನ ಪೆಟ್ಟಿಗೆಯ ಕಾವು ಈಗಲೂ ಓಣಿಗೇ ಬೀಳುತ್ತದೆ. ಋಣ ತೀರಿಲ್ಲ. ಅದು ಯಾರಿಗೆ ಸಲ್ಲಬೇಕಾದದ್ದು ಎಂಬುದು ಮಾತ್ರ ಈಗ ನನಗೆ ಗೊತ್ತು.