ಬಿಡುವುದು, ಕೈಬಿಡುವುದು

ಕನ್ನಡದಲ್ಲಿ ‘ಬಿಡು’ ಎಂಬ ಧಾತುವಿನಷ್ಟು ದುಡಿಯುವ ಕ್ರಿಯಾಪದಗಳು ಹೆಚ್ಚಿಲ್ಲ. ಬಾಣ ಬಿಡುತ್ತೇವೆ, ಗಾಳಿಪಟ ಬಿಡುತ್ತೇವೆ, ತೋಟಕ್ಕೆ ನೀರು ಬಿಡುತ್ತೇವೆ, ಮಗುವನ್ನು ಶಾಲೆಗೆ ಬಿಟ್ಟು ಬರುತ್ತೇವೆ, ಮಾವಿನ ಮರ ಹೂ ಬಿಡುತ್ತದೆ. ಇದರಲ್ಲೆಲ್ಲ ಯಾರಿಗೂ ತಪ್ಪು ಕಾಣದು. ಆದರೆ ಅದರ ಮುಂದೆ ‘ಕೈ’ ಎಂಬ ಒಂದಕ್ಷರ ಬಂದು ಕುಳಿತರೆ ಸಾಕು, ಮಾತು ಆರೋಪವಾಗುತ್ತದೆ. ಮಗನನ್ನು ಕೈಬಿಟ್ಟರು, ಹಿರಿಯರನ್ನು ಕೈಬಿಟ್ಟರು ಎನ್ನುತ್ತೇವೆ. ನಮ್ಮ ನೆರೆಯ ಮಲಯಾಳದಲ್ಲಿಯೂ ಹೀಗೆಯೇ: ‘ವಿಡುಕ’ ಎಂದರೆ ಬಿಡುವುದು, ‘ಕೈವಿಡುಕ’ ಎಂದರೆ ಕೈಬಿಡುವುದು. ಎರಡು ಕ್ರಿಯೆಗಳಲ್ಲೂ ಸಡಿಲವಾಗುವುದು ಅವೇ ಬೆರಳುಗಳು. ಹೊರಗೆ ನಿಂತು ನೋಡುವವನಿಗೆ ಭೇದ ತಿಳಿಯುವುದಿಲ್ಲ. ಹಾಗಾದರೆ ಭೇದ ಇರುವುದೆಲ್ಲಿ?

ಈ ಪ್ರಶ್ನೆಗಾಗಿ ನಾನು ದೊಡ್ಡ ಗ್ರಂಥಗಳ ಬಾಗಿಲು ತಟ್ಟದೆ ಒಂದು ಆಟದ ಕಡೆಗೆ ಹೊರಟಿದ್ದೇನೆ. ರೇಡಿಯೋ ಅಲೆಗಳ ಮೂಲಕ ನೆಲದಲ್ಲಿ ನಿಂತೇ ನಡೆಸುವ ಮಾದರಿ ವಿಮಾನದ ಆಟ ಅದು. ಇದು ನಿನ್ನೆ ಮೊನ್ನೆಯದಲ್ಲ. ಅಮೆರಿಕದ ಮಿಷಿಗನ್ ಪ್ರಾಂತದಲ್ಲಿ ವಾಲ್ಟರ್ ಗುಡ್, ವಿಲಿಯಂ ಗುಡ್ ಎಂಬ ಅವಳಿ ಸಹೋದರರು 1937ರಲ್ಲಿಯೇ ಇಂತಹ ವಿಮಾನವೊಂದನ್ನು ಹಾರಿಸಿದ್ದರು. ಅದನ್ನು ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯಕ್ಕೆ ಒಪ್ಪಿಸಲಾಗಿದೆ. ಬಿಟ್ಟ ಬಾಣ ಹಿಂದಿರುಗದು. ಗಾಳಿಪಟವನ್ನು ಬಿಟ್ಟರೂ ದಾರ ನಮ್ಮ ಬೆರಳಲ್ಲೇ ಇರುತ್ತದೆ. ಈ ವಿಮಾನ ಅವೆರಡರ ನಡುವಿನದು. ದಾರವಿಲ್ಲ, ಆದರೂ ಕೈ ಇದೆ.

ಕಲಿಯುವವನಿಗೆಂದು ಮಾಡಿದ ವಿಮಾನದ ರಚನೆಯನ್ನು ಮೊದಲು ನೋಡಬೇಕು. ಅದರ ರೆಕ್ಕೆ ಒಡಲಿನ ಮೇಲ್ಗಡೆ ಇರುತ್ತದೆ, ಎರಡು ತುದಿಗಳೂ ತುಸು ಮೇಲಕ್ಕೆ ಎದ್ದಿರುತ್ತವೆ. ವಿಮಾನ ಒಂದು ಪಕ್ಕಕ್ಕೆ ವಾಲಿದರೆ ಆ ರಚನೆಯೇ ಅದನ್ನು ಮೆಲ್ಲಗೆ ಸಮಸ್ಥಿತಿಗೆ ತರುತ್ತದೆ. ಅಂದರೆ, ಯಾರೂ ಏನೂ ಮಾಡದಿದ್ದಾಗ ಸರಿಯಾಗುವ ಗುಣವನ್ನು ಅದರ ಹುಟ್ಟಿನಲ್ಲೇ ಇಟ್ಟಿದ್ದಾರೆ.

ಆದರೆ ಆ ಗುಣ ತಾನಾಗಿ ಫಲಿಸುವುದಿಲ್ಲ. ಹಾರಿಸುವ ಮೊದಲು ತೂಕದ ಕೇಂದ್ರವನ್ನು ನೋಡಬೇಕು. ರೆಕ್ಕೆಯ ಮುಂಬದಿಯ ಅಂಚಿನಿಂದ ಅದರ ಅಗಲದ ಕಾಲು ಭಾಗಕ್ಕೂ ಮೂರನೆಯ ಒಂದು ಭಾಗಕ್ಕೂ ನಡುವೆ, ಎರಡೂ ಕಡೆ ಬೆರಳ ತುದಿಯಿಟ್ಟು ಎತ್ತಿದರೆ ವಿಮಾನ ಮಟ್ಟವಾಗಿ, ಇಲ್ಲವೆ ಮೂತಿ ಕೊಂಚ ತಗ್ಗಿ ನಿಲ್ಲಬೇಕು. ಬಾಲ ಇಳಿದರೆ ಬ್ಯಾಟರಿಯನ್ನು ಮುಂದಕ್ಕೆ ಸರಿಸಬೇಕು. ಹವ್ಯಾಸಿಗಳಲ್ಲಿ ಒಂದು ಮಾತಿದೆ: ಮೂತಿ ಭಾರವಾದ ವಿಮಾನ ಕೆಟ್ಟದಾಗಿ ಹಾರುತ್ತದೆ, ಬಾಲ ಭಾರವಾದದ್ದು ಒಂದೇ ಸಲ ಹಾರುತ್ತದೆ. ಆಮೇಲೆ ವಿಮಾನದ ಹಿಂದೆ ನಿಂತು ಟ್ರಾನ್ಸ್‌ಮಿಟರಿನ ಸ್ಟಿಕ್ಕನ್ನು ಬಲಕ್ಕೆ ತಳ್ಳಿದಾಗ ಬಲ ರೆಕ್ಕೆಯ ಏಲರಾನ್ ಮೇಲಕ್ಕೆ ಏಳುತ್ತದೆಯೇ ಎಂದು ನೋಡಬೇಕು. ಇದು ತಿರುಗುಮುರುಗಾಗಿದ್ದರೆ, ನೆಲ ಬಿಟ್ಟ ಮೇಲೆ ತಿದ್ದಿದಷ್ಟೂ ತಪ್ಪು ಬೆಳೆಯುತ್ತದೆ. ಟ್ರಾನ್ಸ್‌ಮಿಟರಿನ ಶಕ್ತಿಯನ್ನು ತಗ್ಗಿಸಿ ಮೂವತ್ತು ಹೆಜ್ಜೆ ದೂರ ನಡೆದು, ಅಲ್ಲಿಂದಲೂ ಅದು ಮಾತು ಕೇಳುತ್ತದೆಯೇ ಎಂದು ಪರೀಕ್ಷಿಸಬೇಕು. ಟ್ರಾನ್ಸ್‌ಮಿಟರನ್ನು ಎಲ್ಲಕ್ಕಿಂತ ಮೊದಲು ಹಾಕಬೇಕು, ಎಲ್ಲಕ್ಕಿಂತ ಕೊನೆಗೆ ಆರಿಸಬೇಕು. ಬೇಸರದ ಕೆಲಸಗಳೆಂದು ಹುಡುಗರು ಇವನ್ನು ಹಾರಿಸಿಬಿಡುತ್ತಾರೆ. ವಿಮಾನ ಹಾರುವುದಿಲ್ಲ, ಕೆಲಸ ಹಾರುತ್ತದೆ.

ಈ ಸಿದ್ಧತೆಗಳಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಫೇಲ್‌ಸೇಫ್ ಎಂಬುದು. ಒಂದು ವೇಳೆ ನೆಲದಿಂದ ಬರುವ ಸಂದೇಶ ಕಡಿದುಹೋದರೆ ವಿಮಾನ ಏನು ಮಾಡಬೇಕು ಎಂಬುದನ್ನು ಅದು ಇನ್ನೂ ಕೈಯಲ್ಲಿ ಇರುವಾಗಲೇ ನಿರ್ಧರಿಸಿ ಇಡುವುದು. ಸಾಮಾನ್ಯ ಕ್ರಮ ಏನೆಂದರೆ, ಮೋಟಾರು ನಿಲ್ಲಬೇಕು. ಹೊಸಬರಿಗೆ ಇದು ಕ್ರೂರವೆನಿಸುತ್ತದೆ. ಮೋಟಾರು ನಿಂತರೆ ಬೀಳುವುದಿಲ್ಲವೇ, ಹಾರುತ್ತಲೇ ಇದ್ದರೆ ಎಲ್ಲಾದರೂ ಉಳಿದೀತಲ್ಲ ಎಂದು ಕೇಳುತ್ತಾರೆ. ಆದರೆ ಹತೋಟಿ ತಪ್ಪಿ ಹಾರುವ ವಿಮಾನ ಹೆದ್ದಾರಿಯ ಮೇಲೋ ಶಾಲೆಯ ಅಂಗಳದ ಮೇಲೋ ಹೋಗಬಹುದು. ಅಲ್ಲಿ ಇರುವವರು ಈ ಆಟಕ್ಕೆ ಬಂದವರಲ್ಲ. ಬಿಡುವವನ ಹೊಣೆ ತಾನು ಬಿಟ್ಟದ್ದರ ಮೇಲೆ ಮಾತ್ರ ಇರುವುದಲ್ಲ, ಅದರ ಕೆಳಗೆ ನಡೆದಾಡುವವರ ಮೇಲೂ ಇದೆ. ಬಿಡುವುದನ್ನು ಕುರಿತು ನಾವು ಆಡುವ ಮಾತುಗಳಲ್ಲಿ, ಅದು ಸ್ವಾತಂತ್ರ್ಯದ ಮಾತಾಗಲಿ ವೈರಾಗ್ಯದ ಮಾತಾಗಲಿ, ಈ ಕೆಳಗಿನವರು ಬರುವುದು ಅಪರೂಪ.

ನಮ್ಮ ಕಡೆಯ ಮುರಕಲ್ಲಿನ ಪದವುಗಳು ಈ ಆಟಕ್ಕೆ ಹೇಳಿಮಾಡಿಸಿದಂತಿವೆ. ಮಳೆಗಾಲ ಕಳೆದು ಮುಳಿಹುಲ್ಲು ಒಣಗಿದ ಮೇಲೆ, ಬೆಳಗಿನ ಹೊತ್ತು, ಕಡಲ ಗಾಳಿ ಏಳುವುದಕ್ಕೆ ಮುಂಚೆ. ಅಂತಹ ಒಂದು ಬೆಳಗ್ಗೆ ಒಬ್ಬ ಹುಡುಗನಿಗೆ ಅವನ ಸೋದರಮಾವ ಹಾರಿಸಲು ಕಲಿಸುತ್ತಿದ್ದುದನ್ನು ನೋಡಿದ್ದೇನೆ. ಮಾವನ ಕೈಯಲ್ಲೊಂದು ಟ್ರಾನ್ಸ್‌ಮಿಟರ್, ಹುಡುಗನ ಕೈಯಲ್ಲೊಂದು, ನಡುವೆ ಒಂದು ಕೇಬಲ್. ಮಾವ ತನ್ನದರ ಒಂದು ಗುಂಡಿಯನ್ನು ಒತ್ತಿ ಹಿಡಿದಿರುವಷ್ಟು ಹೊತ್ತು ವಿಮಾನ ಹುಡುಗನದು. ಬೆರಳು ತೆಗೆದರೆ ಮಾವನದು. ವಿಮಾನ ಕೊಂಚ ಎಡಕ್ಕೆ ವಾಲಿತು. ಹುಡುಗ ಬಲಕ್ಕೆ ತಳ್ಳಿದ, ಹೆಚ್ಚಾಯಿತು. ಎಡಕ್ಕೆ ತಳ್ಳಿದ, ಇನ್ನೂ ಹೆಚ್ಚಾಯಿತು. ವಿಮಾನ ಕಳ್ಳು ಕುಡಿದವರಂತೆ ತೂರಾಡತೊಡಗಿತು. ಮಾವ ಗುಂಡಿಯಿಂದ ಬೆರಳು ತೆಗೆಯಲಿಲ್ಲ. “ಬಿಡು ಮಾರಾಯ, ಸ್ಟಿಕ್ಕು ಬಿಡು!” ಎಂದರು. ಹುಡುಗ ಬಿಟ್ಟ. ಸ್ಪ್ರಿಂಗಿನ ಬಲದಿಂದ ಸ್ಟಿಕ್ಕು ನಡುವಿಗೆ ಬಂತು, ಎರಡು ಕ್ಷಣಗಳಲ್ಲಿ ವಿಮಾನ ನೆಟ್ಟಗಾಯಿತು. ಅದನ್ನು ಕೆಡಿಸುತ್ತಿದ್ದುದು ಗಾಳಿಯಲ್ಲ, ತಿದ್ದುವ ಕೈ.

ಇಷ್ಟಕ್ಕೆ ನಿಲ್ಲಿಸಿದರೆ ‘ಬಿಟ್ಟರೆ ಎಲ್ಲವೂ ಸರಿಯಾಗುತ್ತದೆ’ ಎಂಬ ಸುಲಭದ ಪಾಠ ಸಿಗುತ್ತದೆ. ಅದು ಅರ್ಧಸತ್ಯ. ಅದೇ ಹುಡುಗ ಇಳಿಸುವಾಗ, ನೆಲದಿಂದ ಎರಡಾಳು ಎತ್ತರದಲ್ಲಿ ರೆಕ್ಕೆ ವಾಲಿತು. ಆಗ ಮಾವ ‘ಬಿಡು’ ಎನ್ನಲಿಲ್ಲ. ಬಾಯಿ ತೆರೆಯುವ ಮೊದಲೇ ವಿಮಾನವನ್ನು ತನ್ನ ಕೈಗೆ ತೆಗೆದುಕೊಂಡಿದ್ದರು. ಅಲ್ಲಿ ಬಿಟ್ಟಿದ್ದರೆ ಸರಿಯಾಗುವುದಕ್ಕೆ ಬೇಕಾದ ಎರಡು ಕ್ಷಣ ಇರಲಿಲ್ಲ. ಹವ್ಯಾಸಿಗಳು ‘ಮೂರು ತಪ್ಪಿನ ಎತ್ತರ’ ಎಂದೊಂದು ಅಳತೆಯನ್ನು ಹೇಳುವುದುಂಟು. ಕಲಿಯುವವನು ಒಂದಾದ ಮೇಲೊಂದು ಮೂರು ತಪ್ಪು ಮಾಡಿದರೂ ನೆಲ ಮುಟ್ಟದೆ ಚೇತರಿಸಿಕೊಳ್ಳಬಹುದಾದ ಎತ್ತರ. ಇದನ್ನು ಮೀಟರುಗಳಲ್ಲಿ ಹೇಳಲಾಗದು. ವಿಮಾನಕ್ಕೆ ತಕ್ಕಂತೆ, ಕಲಿಯುವವನಿಗೆ ತಕ್ಕಂತೆ ಬದಲಾಗುತ್ತದೆ. ನನ್ನ ಮಟ್ಟಿಗೆ ಆರಂಭದ ಪ್ರಶ್ನೆಗೆ ಉತ್ತರದ ಎಳೆ ಇಲ್ಲಿದೆ. ಬೆರಳು ಸಡಿಲಿಸುವ ಕ್ರಿಯೆ ಒಂದೇ. ಎತ್ತರದಲ್ಲಿ ಅದು ಬಿಡುವುದು. ನೆಲದ ಹತ್ತಿರ ಅದೇ ಕೈಬಿಡುವುದು.

ಎತ್ತರವಾದರೂ ಒಂದು ಕಣ್ಣಳತೆಯ ಒಳಗಿನದು. ನಮ್ಮ ದೇಶದ 2021ರ ಡ್ರೋನ್ ನಿಯಮಗಳು ಮಾದರಿ ವಿಮಾನವೆಂದರೆ ಕಣ್ಣಿಗೆ ಕಾಣುವ ದೂರದಲ್ಲಿ ಹಾರಿಸುವಂಥದ್ದು ಎಂದೇ ವ್ಯಾಖ್ಯಾನಿಸಿವೆ. ಕಣ್ಣು ದಾಟಿದ ಮೇಲೆ ಏನು? ಇದಕ್ಕೊಂದು ಅಪೂರ್ವ ನಿದರ್ಶನವಿದೆ. ಅಮೆರಿಕದ ಮೇನಾರ್ಡ್ ಹಿಲ್ ಎಂಬವರು ಬಾಲ್ಸಾ ಮರದಿಂದ ಮಾಡಿದ, ಇಂಧನ ಸೇರಿ ಸುಮಾರು ಐದು ಕಿಲೋ ತೂಗುವ ವಿಮಾನವನ್ನು 2003ರ ಆಗಸ್ಟ್‌ನಲ್ಲಿ ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪದ ತೀರದಿಂದ ಕೈಯಾರೆ ಎಸೆದು ಬಿಟ್ಟರು. ಆಗ ಅವರಿಗೆ ಎಪ್ಪತ್ತೇಳು ವರ್ಷ. ದೃಷ್ಟಿ ಬಹುಪಾಲು ಹೋಗಿತ್ತು, ಕಿವಿಯೂ ಮಂದವಾಗಿತ್ತು. ಮೊದಲು ನೆಲದಿಂದ ನಡೆಸಿ, ಆಮೇಲೆ ಅದರೊಳಗಿನ ಸ್ವಯಂಚಾಲಕಕ್ಕೆ ಒಪ್ಪಿಸಿದರು. ಅಟ್ಲಾಂಟಿಕ್ ಸಾಗರದ ಮೇಲೆ ಸುಮಾರು ಮೂವತ್ತೊಂಬತ್ತು ಗಂಟೆ, ಮೂರು ಸಾವಿರ ಕಿಲೋಮೀಟರು. ಆ ಹೊತ್ತಿನಲ್ಲಿ ಅದನ್ನು ತಿದ್ದುವ ಕೈ ದಡದಲ್ಲಿ ಇರಲಿಲ್ಲ. ಅದಕ್ಕಿಂತ ಮೊದಲು ಬಿಟ್ಟ ಕೆಲವು ವಿಮಾನಗಳು ಆಚೆ ದಡ ಕಾಣಲಿಲ್ಲ. ಇದು ಮಾತ್ರ ಐರ್ಲೆಂಡಿನ ಪಶ್ಚಿಮ ತೀರವನ್ನು ತಲುಪಿದಾಗ, ಅಲ್ಲಿ ಟ್ರಾನ್ಸ್‌ಮಿಟರ್ ಹಿಡಿದು ಕಾದಿದ್ದ ಡೇವ್ ಬ್ರೌನ್ ಎಂಬವರು ಅದನ್ನು ತನ್ನ ಹತೋಟಿಗೆ ತೆಗೆದುಕೊಂಡು ಇಳಿಸಿದರು. ಹಿಲ್ ಕೈಬಿಟ್ಟರು ಎಂದು ಯಾರೂ ಹೇಳಲಾರರು. ಬಿಡುವುದಕ್ಕೆ ಮುಂಚಿನ ವರ್ಷಗಳ ಕೆಲಸ ಈ ಕಡೆ ಇತ್ತು, ಕಾಯುವ ಒಬ್ಬ ಮನುಷ್ಯ ಆ ಕಡೆ ಇದ್ದ.

ವಿಮಾನಕ್ಕೆ ಇಚ್ಛೆಯಿಲ್ಲ, ಮಕ್ಕಳಿಗೆ ಇದೆ; ಹೋಲಿಕೆ ಎಲ್ಲಿಯವರೆಗೆ ನಡೆದೀತು ಎಂದು ಓದುಗರು ಕೇಳಬಹುದು. ನ್ಯಾಯವಾದ ಆಕ್ಷೇಪ. ಅದಕ್ಕಿಂತ ದೊಡ್ಡ ಭೇದ ಇನ್ನೊಂದಿದೆ. ಮುರಿದ ಬಾಲ್ಸಾವನ್ನು ಅಂಟು ಹಚ್ಚಿ ಕೂಡಿಸಬಹುದು, ಮುಂದಿನ ಭಾನುವಾರ ಮತ್ತೆ ಹಾರಿಸಬಹುದು. ಆದ್ದರಿಂದ, ಚೂರು ವಾಲಿದಾಗಲೆಲ್ಲ ಕಸಿದುಕೊಳ್ಳುವ ಗುರುವಿಗಿಂತ ಒಂದೆರಡು ವಿಮಾನ ಕಳಕೊಂಡ ಗುರುವೇ ಮೇಲು ಎಂದು ಪದವಿನ ಮೇಲೆ ನಾನು ಧೈರ್ಯವಾಗಿ ಹೇಳುತ್ತೇನೆ. ಮನೆಯ ಜಗಲಿಯಲ್ಲಿ ಕುಳಿತು ಹಾಗೆ ಹೇಳುವ ಎದೆ ನನಗಿಲ್ಲ. ಮಕ್ಕಳ ವಿಷಯದಲ್ಲಿ ನಮ್ಮ ಪಾಲಿಗೆ ಉಳಿದಿರುವುದು ಎತ್ತರವನ್ನು ಹೆಚ್ಚಿಸುವ ಕೆಲಸ.

ನಮ್ಮ ಮನೆಗಳ ಮಕ್ಕಳು ಓದಲಿಕ್ಕೆ, ದುಡಿಯಲಿಕ್ಕೆ ಮಂಗಳೂರಿಗೋ ಬೆಂಗಳೂರಿಗೋ ಎರ್ನಾಕುಳಕ್ಕೋ ಕೊಲ್ಲಿ ದೇಶಗಳಿಗೋ ಹೋಗುತ್ತಾರೆ. ಅವರ ಎತ್ತರ ಯಾವುದರಿಂದ ಆಗುತ್ತದೆ? ಹಿಂದಕ್ಕೆ ಬರುವ ಬಸ್ಸಿನ ಹಣ ಯಾವಾಗಲೂ ಕಿಸೆಯಲ್ಲಿ ಇರುವುದರಿಂದ. ಆ ಊರಿನಲ್ಲಿ ರಾತ್ರಿ ಹೊತ್ತು ಬಾಗಿಲು ತಟ್ಟಬಹುದಾದ ಒಂದು ಮನೆ ಇರುವುದರಿಂದ. ಕನ್ನಡವನ್ನು ಕಳಕೊಳ್ಳದೆ ಮಲಯಾಳವನ್ನೂ ಚೆನ್ನಾಗಿ ಕಲಿತಿರುವುದರಿಂದ. ಕಚೇರಿಯ ಕಾಗದವೊಂದನ್ನು ಓದಲಾರದೆ ಇನ್ನೊಬ್ಬರ ಮುಖ ನೋಡುವ ಮಗು ನೆಲಕ್ಕೆ ತೀರ ಹತ್ತಿರ ಹಾರುತ್ತಿದೆ. ಎಲ್ಲಕ್ಕಿಂತ ಹೆಚ್ಚಾಗಿ, ತಪ್ಪಾಯಿತು ಎಂದು ಮನೆಗೆ ಹೇಳಿದರೆ ಮನೆ ಬೆಂಕಿಯಾಗುವುದಿಲ್ಲ ಎಂಬ ಭರವಸೆಯಿಂದ. ಇವಾವುದನ್ನೂ ಮಾಡದೆ ‘ಇನ್ನು ಅವನ ಪಾಡು ಅವನಿಗೆ’ ಎಂದು ಬಸ್ಸು ಹತ್ತಿಸಿ ಬರುವವರನ್ನು ಉದಾರಿಗಳೆಂದು ನಾನು ಒಪ್ಪುವುದಿಲ್ಲ. ಊಟವಾಯಿತೇ, ಮಲಗಿದೆಯೇ, ಯಾರೊಡನೆ ಇದ್ದಿ ಎಂದು ಗಂಟೆಗೊಮ್ಮೆ ಮೊಬೈಲಿನಲ್ಲಿ ವಿಚಾರಿಸುವವರನ್ನು ಪ್ರೀತಿಯುಳ್ಳವರೆಂದು ಒಪ್ಪುತ್ತೇನೆ. ಆದರೆ ಅವರ ಮಕ್ಕಳ ವಿಮಾನ ತೂರಾಡುತ್ತಿದ್ದರೆ ಗಾಳಿಯನ್ನು ದೂರಬಾರದು.

ಹಾಗಿದ್ದರೆ ದಿನಕ್ಕೆ ಎಷ್ಟು ಸಲ ಫೋನು ಮಾಡಬಹುದು ಎಂದು ನೆರೆಮನೆಯ ತಾಯಿಯೊಬ್ಬರು ನನ್ನನ್ನು ನೇರವಾಗಿ ಕೇಳಿದರು. ಮಗಳು ಹಾಸ್ಟೆಲಿಗೆ ಹೋಗಿ ಆಗ ನಾಲ್ಕು ದಿನವಾಗಿತ್ತಷ್ಟೆ. ನಾನು ಸಂಖ್ಯೆ ಹೇಳಲಿಲ್ಲ. ಮಗಳು ಯಾವ ಎತ್ತರದಲ್ಲಿ ಇದ್ದಾಳೆ ಎಂಬುದು ನನಗಿಂತ ಆಕೆಗೆ ಹೆಚ್ಚು ಗೊತ್ತಿದ್ದೀತು.